ನೆಗೆಣ್ಣಿಯ ಕೈಗೆ ಕೊಟ್ಟು ಹೋದ ಇಲಿ

ಮೊನ್ನೆ ಓಣಿಯ ಮೂಲೆಯ ಬಾಣಂತಿ ಮನೆಯಿಂದ ಲೋಬಾನದ ಹೊಗೆ ನಮ್ಮ ಪಡಸಾಲೆಗೆ ಬಂತು. ಕೂಸಿಗೆ ಎರೆದು, ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಹಿಡಿಯುತ್ತಿರಬೇಕು. ನಮ್ಮ ಕಡೆ ಹುಟ್ಟಿದ ಕೂಸಿಗೆಲ್ಲ ಈ ಹೊಗೆ ಹಿಡಿಯುತ್ತಾರೆ, ನೆಗಡಿ ಕಟ್ಟೋದಿಲ್ಲ ಅಂತ. ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಆ ವಾಸನೆಗೆ ನನ್ನ ಮೊಮ್ಮಕ್ಕಳು ನೆನಪಾಗಬೇಕಿತ್ತು. ಆಗಲಿಲ್ಲ. ನೆನಪಾದದ್ದು ಒಂದು ಇಲಿ. ಇಲಿಯ ಹಿಂದೆ ನನ್ನ ನೆಗೆಣ್ಣಿ...

ನೆಗೆಣ್ಣಿ ಅಂದರೆ ನನ್ನ ಗಂಡನ ತಮ್ಮನ ಹೆಂಡತಿ. ನನಗಿಂತ ಚಿಕ್ಕವಳು, ಗೊರೇಬಾಳದ ಹೆಣ್ಣು. ಸಿಂಧನೂರಿನ ಈ ಮನೆಗೆ ಇಬ್ಬರೂ ಸೊಸೆಯಾಗಿ ಬಂದವರು. ಪಾಲಾದ ಮೇಲೆ ಅಂಗಳ ಒಂದೇ ಉಳಿಯಿತು, ಒಲೆ ಎರಡಾದವು. ಈ ಕಡೆ ನಾನು, ನನ್ನ ಮಗ, ಸೊಸೆ, ಮಕ್ಕಳು. ಆ ಕಡೆ ಅವಳೊಬ್ಬಳು. ಗಂಡ ಹೋಗಿದ್ದ, ಮಕ್ಕಳಾಗಿರಲಿಲ್ಲ. ಅವಳ ಬಗ್ಗೆ ಬರೀ ಒಳ್ಳೆಯದನ್ನೇ ಬರೆಯೋದು ನನಗೆ ಬರೋದಿಲ್ಲ. ಹಟದ ಹೆಂಗಸು. ಅಂಗಳ ಗುಡಿಸಿದರೆ ಅವಳ ಕಡೆಯ ಕಸ ನನ್ನ ಕಡೆ ಒಂದು ಗೇಣು ಬಂದೇ ಬರುತ್ತಿತ್ತು. ನಾನೂ ಬಿಡುತ್ತಿರಲಿಲ್ಲ. ದಿನಾ ಒಂದು ಮಾತು ಆಗಬೇಕು. ಆಗಲಿಲ್ಲ ಅಂದರೆ ಇಬ್ಬರಲ್ಲಿ ಒಬ್ಬರಿಗೆ ಮೈಯಲ್ಲಿ ಹುಷಾರಿಲ್ಲ ಅಂತ ನನ್ನ ಸೊಸೆ ತಿಳಿದುಕೊಳ್ಳುತ್ತಿದ್ದಳು.

ಪೂಜೆಯಲ್ಲಿ ಮಾತ್ರ ಅವಳನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಬೆಳಗಿನ ಜಾವ ಎದ್ದು, ಮೈತೊಳೆದು, ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಕೂಡುತ್ತಿದ್ದಳು. ಅದು ಮುಗಿಯುವ ತನಕ ಗುಟುಕು ನೀರಿಲ್ಲ. ಯಾರನ್ನೂ ಮುಟ್ಟೋದಿಲ್ಲ, ಕರೆದರೆ ಓ ಅನ್ನೋದಿಲ್ಲ. ಜ್ವರ ಬಂದು ಮೈ ಸುಡುವಾಗಲೂ ಹಾಗೇ. ಗಂಡನನ್ನು ಮಣ್ಣು ಮಾಡಿ ಬಂದ ಮರುದಿನವೂ ಹಾಗೇ. ನಾನೂ ಲಿಂಗ ಕಟ್ಟಿಕೊಂಡವಳೇ. ಆದರೆ ನನಗೆ ಮೊದಲು ಚಹಾ ಬೇಕು, ಅದನ್ನು ಮುಚ್ಚಿಡೋದು ಯಾಕೆ?

ಇಲಿ ಅಂದರೆ ಅವಳಿಗೆ ವೈರಿ. ನಮ್ಮೂರಲ್ಲಿ ಯಾರಿಗಲ್ಲ? ಅಕ್ಕಿ ಮಿಲ್ಲಿನ ಊರು. ಮನೆಮನೆಯಲ್ಲಿ ಚೀಲಗಟ್ಟಲೆ ಅಕ್ಕಿ, ಚೀಲದ ಹಿಂದೆ ಇಲಿ. ಅವಳು ಬೋನು ಇಟ್ಟರೆ ತಪ್ಪುತ್ತಿರಲಿಲ್ಲ. ಒಣಕೊಬ್ಬರಿ ಚೂರನ್ನು ಸುಟ್ಟು ಬೋನಿನ ಕೊಕ್ಕೆಗೆ ಸಿಗಿಸುತ್ತಿದ್ದಳು. ಓಣಿಯ ಹೆಂಗಸರು ಬೋನು ಕೇಳಿಕೊಂಡು ಬಂದರೆ, ಕೊಬ್ಬರಿ ಸುಡುವುದನ್ನು ಮಾತ್ರ ಹೇಳಿಕೊಡುತ್ತಿರಲಿಲ್ಲ.

ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಒಂದು ಸಲ ಕಾಲುವೆ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗ ಬಂದ, ಬೀದರ ಕಡೆಯವನು. ಇನ್ನೂ ಮದುವೆ ಆಗಿರಲಿಲ್ಲ. ಗೋಡೆಗೆ ಬುದ್ಧನ ಫೋಟೋ ತೂಗುಹಾಕಿದ. ಓಣಿಯವರಿಗೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತ ಒಬ್ಬಳು ಕೇಳಿಯೇಬಿಟ್ಟಳು.

"ಯಾರ ಪೈಕಿ ಬೇ ಆ ಹುಡುಗ?"

"ಬಾಡಿಗಿ ಪೈಕಿ," ಅಂದಳು ನೆಗೆಣ್ಣಿ. "ನಿನ್ನ ಕೊಡ ತುಂಬೇತಿ, ತಗಿ."

ಆ ಹುಡುಗನ ಸಾಮಾನಿನಲ್ಲಿ ಒಂದು ಪಂಜರ ಇತ್ತು. ಅದರೊಳಗೆ ಮುಷ್ಟಿ ತುಂಬುವಷ್ಟು ದಪ್ಪಗೆ, ಕಂದು ಬಣ್ಣದ, ಕೆನ್ನೆ ಉಬ್ಬಿದ ಒಂದು ಪ್ರಾಣಿ. ನೆಗೆಣ್ಣಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಪಾ, ಊರಾಗಿನ ಇಲಿ ಸಾಲಲಿಲ್ಲಂತ ನೀ ಒಂದು ತಂದೀಯೇನು?"

"ಇದು ಇಲಿ ಅಲ್ರೀ ಅಮ್ಮಾ, ಹ್ಯಾಮ್‌ಸ್ಟರ್ ಅಂತಾರ. ನೋಡ್ರಿ, ಉದ್ದ ಬಾಲ ಇಲ್ಲ."

ಅವಳು ಬಗ್ಗಿ ಹಿಂದುಗಡೆ ನೋಡಿದಳು. ಬಾಲದ ಜಾಗದಲ್ಲಿ ಒಂದು ಮೊಂಡು ಇತ್ತು, ಅಷ್ಟೇ. "ಬಾಲ ಇಲ್ಲದ್ದಕ್ಕ ಬಿಟ್ಟೀನಿ," ಅಂದು ಒಳಗೆ ಹೋದಳು. ಅವನು ಅದನ್ನು ಗುಂಡ ಅಂತ ಕರೆಯುತ್ತಿದ್ದ. ಹಗಲೆಲ್ಲ ಮಲಗಿರುತ್ತಿತ್ತು. ಕತ್ತಲಾದರೆ ಎದ್ದು ಪಂಜರದೊಳಗಿನ ಗಾಲಿ ತಿರುಗಿಸುತ್ತಿತ್ತು. ಅವನು ಆಫೀಸಿನಿಂದ ಬರುವುದು ತಡವಾದ ದಿನ ನೆಗೆಣ್ಣಿಯೇ ಎರಡು ಕಡಲೆಕಾಳು ಹಾಕುತ್ತಿದ್ದಳು. ಮಂಚದ ಕೆಳಗೆ ಬೋನು, ಮಂಚದ ಮೇಲೆ ಪಂಜರ. ನಾನು ನೋಡಿ ನಕ್ಕಿದ್ದೆ.

ವರ್ಷ ತುಂಬುವ ಹೊತ್ತಿಗೆ ಅವನಿಗೆ ಮಸ್ಕಿಗೆ ವರ್ಗ ಆಯಿತು. ಹೋಗುವ ದಿನ ಪಂಜರ ತಂದು ಅವಳ ಪಡಸಾಲೆಯಲ್ಲಿ ಇಟ್ಟ. ಅಲ್ಲಿ ಗೆಳೆಯರ ಜೊತೆ ಇರಬೇಕು, ಅವರು ಬೆಕ್ಕು ಸಾಕಿದ್ದಾರೆ, ಬೇರೆ ಕೋಣೆ ಸಿಕ್ಕ ಮೇಲೆ ಬಂದು ಒಯ್ಯುತ್ತೇನೆ ಅಂದ. ಮಾತಾಡುವಾಗ ಪಂಜರದ ಕಡೆ ನೋಡಲಿಲ್ಲ. ಅದನ್ನು ಆಗ ನಾನು ಗಮನಿಸಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

"ಇಟ್ಟು ಹೋಗಪಾ," ಅಂದಳು ಅವಳು. "ಹ್ಯಾಂಗ ಕೊಟ್ಟಿ ಹಾಂಗ ಕೊಡತೀನಿ."

ಅದು ಅವಳ ಬಾಯಿಂದ ಬಂದ ಮಾತು. ಕಟ್ಟಿ ಹಾಕಿದಂತೆ ಅದಕ್ಕೇ ನಿಂತಳು.

ಮೊದಮೊದಲು ಅವನು ಆಗಾಗ ಫೋನ್ ಮಾಡುತ್ತಿದ್ದ. "ಗುಂಡ ಆರಾಮೇನ್ರೀ ಅಮ್ಮಾ?" "ಆರಾಮ ಐತಿ." ಅಷ್ಟೇ ಮಾತು. ಬರುತ್ತೇನೆ ಅನ್ನುತ್ತಿದ್ದ, ಬರುತ್ತಿರಲಿಲ್ಲ. ಅವನು ಕೊಟ್ಟು ಹೋದ ಕಟ್ಟಿಗೆಯ ಪುಡಿ ಪಂಜರದಲ್ಲಿ ಹಾಸಲಿಕ್ಕೆ ಇತ್ತು, ಅದು ತೀರಿತು. ಸಿಂಧನೂರಲ್ಲಿ ಹಾಸಲಿಕ್ಕೆ ಏನು ಕಡಿಮೆ? ಅವಳು ಮಿಲ್ಲಿಗೆ ಹೋಗಿ ಭತ್ತದ ಹೊಟ್ಟು ತಂದಳು. ಒಲೆಗೆ ಹಾಕುತ್ತೇವೆ, ಎಮ್ಮೆಯ ಕೆಳಗೆ ಹಾಸುತ್ತೇವೆ, ಅಂಗಡಿಯವರು ಮೊಟ್ಟೆ ಒಡೆಯದಂತೆ ಅದರಲ್ಲೇ ಇಡುತ್ತಾರೆ. ಬಿಸಿಲಿಗೆ ಒಣಗಿಸಿ ಬೆಚ್ಚಗೆ ದಪ್ಪಗೆ ಹಾಸಿದಳು. ನಾನು ನೋಡಿದರೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ.

ಕೆಲವು ದಿನಕ್ಕೆ ಇಲಿ ಸೀನಲಿಕ್ಕೆ ಹತ್ತಿತು. ಮೂಗು ಒದ್ದೆ. ಉಸಿರು ಎಳೆದರೆ ಒಣಕಡ್ಡಿ ಮುರಿದ ಹಾಗೆ ಸಣ್ಣ ಸದ್ದು. ಅವಳಿಗೆ ಗೊತ್ತಿದ್ದ ಔಷಧ ಒಂದೇ, ಕೂಸಿಗೆ ಮಾಡುವುದು. ಕೆಂಡ ತಂದು ಲೋಬಾನ ಹಾಕಿ ಪಂಜರಕ್ಕೆ ಹೊಗೆ ಹಿಡಿದಳು, ಮೇಲೆ ಹಳೆ ಸೀರೆ ಹೊದಿಸಿ. ಸೀರೆ ತೆಗೆದಾಗ ಆ ಪ್ರಾಣಿ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು, ಪಕ್ಕೆಲುಬು ಏರಿಳಿಯುತ್ತಿತ್ತು.

"ಅಕ್ಕಾ, ಬಾ ಬೇ ಇಲ್ಲೆ," ಅಂತ ಕೂಗಿದಳು. ಆ ದನಿಯಲ್ಲಿ ಅವಳು ನನ್ನನ್ನು ಹಿಂದೆಂದೂ ಕರೆದಿರಲಿಲ್ಲ.

ನಾನು ಬಂದು ನೋಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಸಾಯಾಕತ್ತೈತಿ. ಇಲಿ ಬೇ ಇದು, ಎಷ್ಟು ದಿನ ಇರತೈತಿ? ಅಂವಗ ಫೋನ್ ಮಾಡಿ ಹೇಳು."

"ಹ್ಯಾಂಗ ಕೊಟ್ಟಿ ಹಾಂಗ ಕೊಡತೀನಿ ಅಂದೀನಿ. ಈಗ ಏನಂತ ಹೇಳಲಿ? ನಡಿ, ದವಾಖಾನಿಗೆ ಹೋಗೂಣು."

ದನದ ದವಾಖಾನೆಗೆ ಆಟೋದಲ್ಲಿ ಹೋದೆವು. ಸಾಲಿನಲ್ಲಿ ಎಮ್ಮೆ, ಆಡು, ಮಧ್ಯೆ ತೊಡೆಯ ಮೇಲೆ ಪಂಜರ ಇಟ್ಟುಕೊಂಡ ಇವಳು. ಆಡು ತಂದವನೊಬ್ಬ, "ಎವ್ವಾ, ಎಲ್ಲಾರು ಇಲಿ ಕೊಲ್ಲಾಕ ಔಷಧ ಒಯ್ತಾರ, ನೀ ಬದುಕಸಾಕ ಬಂದೀಯಲ್ಲ!" ಅಂದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಡಾಕ್ಟರು ಒಳ್ಳೆಯ ಮನುಷ್ಯ. ಇಂಥದ್ದಕ್ಕೆ ನಾನು ಔಷಧ ಕೊಟ್ಟವನಲ್ಲ ಅಂತ ಮೊದಲೇ ಹೇಳಿ, ತಮ್ಮ ಗೆಳೆಯರಿಗೆ ಫೋನ್ ಹಚ್ಚಿ ಬಹಳ ಹೊತ್ತು ಕೇಳಿಕೊಂಡರು. ಆಮೇಲೆ ಪಂಜರದ ತಳದಲ್ಲಿ ಕೈಯಾಡಿಸಿ, ಅಂಗೈ ಬೆಳಕಿಗೆ ಹಿಡಿದು ತೋರಿಸಿದರು. ಹೊಟ್ಟಿನ ಧೂಳು ಹಿಟ್ಟಿನಂತೆ ಹತ್ತಿತ್ತು.

"ಇದನ್ನ ಉಸುರಿನ್ಯಾಗ ಎಳಕೊಂಡೇತ್ರಿ. ಮ್ಯಾಲೆ ಮತ್ತ ಹೊಗಿ ಬ್ಯಾರೆ. ಇನ್ನ ಹೊಟ್ಟು ಬ್ಯಾಡ, ಹೊಗಿ ಬ್ಯಾಡ, ಬಟ್ಟಿ ಹಾಸ್ರಿ. ವಯಸ್ಸೆಷ್ಟು ಇದರದು?"

"ಗೊತ್ತಿಲ್ರಿ. ಒಬ್ರು ಇಟ್ಟು ಹೋಗ್ಯಾರ," ಅಂದಳು. ಅವಳ ಮುಖ ಬೂದಿಯಾಗಿತ್ತು.

ಹನಿ ಔಷಧ ಕೊಟ್ಟರು, ಸೂಜಿ ತೆಗೆದ ಸಿರಿಂಜು ಕೊಟ್ಟರು. ಗಂಜಿಯ ಜೊತೆ ಎರಡು ಹೊತ್ತು ಕುಡಿಸಬೇಕು, ಎಚ್ಚರ ಇದ್ದಾಗಲೇ ಕುಡಿಸಬೇಕು, ಮಲಗಿದ್ದನ್ನು ಎಬ್ಬಿಸಿ ಹಾಕಿದರೆ ಉಸಿರಿಗೆ ಹೋಗುತ್ತದೆ ಅಂದರು.

ಸಂಜೆಯದು ಸರಿ ಹೋಯಿತು. ತೊಡಕಾದದ್ದು ಬೆಳಗಿನದು. ಅದು ಎಚ್ಚರ ಇರುವುದು ಬೆಳಕು ಹರಿಯುವ ತನಕ. ಇವಳ ಪೂಜೆ ಮುಗಿಯುವ ಹೊತ್ತಿಗೆ ಅದು ಉಂಡೆಯಾಗಿ ಮಲಗಿಬಿಟ್ಟಿರುತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ. ಒಂದೆರಡು ದಿನ ನೋಡಿದಳು. ಪೂಜೆಯನ್ನೇ ಇನ್ನೂ ಮುಂಚೆ ಮಾಡಿ ನೋಡಿದಳು. ಪೂಜೆಯ ನಡುವೆ ಪಂಜರದ ಸದ್ದು ಕೇಳಿದರೆ ಕಣ್ಣು ತೆರೆಯುತ್ತಿತ್ತಂತೆ, ಮತ್ತೆ ಮೊದಲಿನಿಂದ ಕೂಡಬೇಕಾಗುತ್ತಿತ್ತಂತೆ. ಅದನ್ನು ನನಗೆ ಹೇಳಿದ್ದು ಆಮೇಲೆ.

ಒಂದು ಬೆಳಗ್ಗೆ ನಾನು ಹಾಲಿಗೆಂದು ಎದ್ದು ಬಂದೆ. ಅವಳ ಪಡಸಾಲೆಯಲ್ಲಿ ದೀಪ ಇತ್ತು. ಮೈತೊಳೆದಿರಲಿಲ್ಲ, ಕೂದಲು ಬಿಚ್ಚಿತ್ತು, ಹಣೆ ಬರಿದು. ಎಡಗೈಯಲ್ಲಿ ಬಟ್ಟೆ ಸುತ್ತಿದ ಆ ಪ್ರಾಣಿ, ಬಲಗೈಯಲ್ಲಿ ಸಿರಿಂಜು. ಗಂಜಿಯ ಹನಿ ಅದರ ತುಟಿಗೆ ಮುಟ್ಟಿಸುತ್ತಿದ್ದಳು, ಅದು ಮುಂಗಾಲಿನಿಂದ ಸಿರಿಂಜಿನ ತುದಿ ಹಿಡಿದುಕೊಂಡು ನೆಕ್ಕುತ್ತಿತ್ತು. ಇಷ್ಟು ವರ್ಷದಲ್ಲಿ ಹಣೆ ಬರಿದಿಟ್ಟುಕೊಂಡು ಏನಾದರೂ ಮುಟ್ಟಿದ ಅವಳನ್ನು ನಾನು ನೋಡಿದ್ದು ಅದೇ ಮೊದಲು.

"ಪೂಜಿ ಆಗಿಲ್ಲೇನು?" ಅಂದೆ.

"ಆಗತೈತಿ," ಅಂದಳು, ತಲೆ ಎತ್ತದೆ. "ಲಿಂಗಕ್ಕ ಹಸಿವಿಲ್ಲ ಅಕ್ಕಾ. ಇದಕ್ಕೈತಿ."

ನಾನು ಹಾಲು ತರಲಿಕ್ಕೆ ಹೋದೆ. ಅಂದಿನಿಂದ ಅದೇ ನಡೆಯಿತು. ಮೊದಲು ಅದಕ್ಕೆ, ಆಮೇಲೆ ಮೈತೊಳೆದು ಪೂಜೆ, ಆಮೇಲೆ ತನಗೆ ನೀರು. ಅವಳ ಬೆರಳಿನ ತುದಿಗೆ ಅದು ಕಚ್ಚಿದ ಗುರುತುಗಳಿದ್ದವು. ಕೇಳಿದರೆ, "ಕೂಸು ಹಲ್ಲು ಬಂದಾಗ ಕಚ್ಚಂಗಿಲ್ಲೇನು?" ಅನ್ನುತ್ತಿದ್ದಳು. ಕೂಸು ಹೆತ್ತವಳಲ್ಲ ಅವಳು.

ಸ್ವಲ್ಪ ಆರಾಮ ಆಯಿತು. ಉಸಿರಿನ ಸದ್ದು ನಿಂತಿತು, ಒಂದೆರಡು ಸಂಜೆ ಗಾಲಿಯನ್ನೂ ತಿರುಗಿಸಿತು. ಅವಳು ಅಂಗಳ ದಾಟಿ ಬಂದು ನನ್ನ ಸೊಸೆಗೆ ಹೇಳಿ ಹೋದಳು, "ಗಾಲಿ ತಿರುವಾಕತ್ತೈತಿ ಬೇ!" ಅಂತ. ಆಮೇಲೆ ಮತ್ತೆ ಇಳಿಯಿತು. ಈ ಸಲ ಸೀನಲಿಲ್ಲ, ಸದ್ದಿಲ್ಲ. ಬರೀ ಸಣ್ಣಗಾಗುತ್ತ ಹೋಯಿತು. ಬೆನ್ನೆಲುಬು ಕೈಗೆ ಹತ್ತುತ್ತಿತ್ತು, ಕೂದಲು ಉದುರಿತು. ಅದೇ ಹೊತ್ತಿಗೆ ಹುಡುಗನ ಫೋನ್ ಬಂತು. "ಆರಾಮ ಐತಿ," ಅಂದಳು. ಫೋನ್ ಇಟ್ಟು ಅಲ್ಲೇ ಗೋಡೆಗೆ ಒರಗಿ ಕೂತಳು...

ಒಂದು ಮಧ್ಯಾಹ್ನ ಅವಳ ಅಂಗೈಯಲ್ಲೇ ಹೋಯಿತು. ನಾನೂ ಇದ್ದೆ. ಒಂದು ಸಲ ಮೈ ಚಾಚಿತು, ಅಷ್ಟೇ. ಅವಳು ಅಳಲಿಲ್ಲ. ಬಹಳ ಹೊತ್ತು ಕೈ ಹಾಗೆಯೇ ಹಿಡಿದುಕೊಂಡಿದ್ದಳು. ಬಿಸಿ ಇಳಿಯಲಿ ಅಂತ ಕಾಯುತ್ತಿದ್ದಳೋ ಏನೋ. ಅಂಗಳದ ಕರಿಬೇವಿನ ಬುಡದಲ್ಲಿ ನಾನೇ ಗುಂಡಿ ತೋಡಿದೆ. ಬಟ್ಟೆ ಸುತ್ತಿ ಇಳಿಸುವ ಮುಂಚೆ ಅವಳು ವಿಭೂತಿ ತಂದಳು, ತಂದು ನಿಂತಳು.

"ಅವರ ಪೈಕಿ ಹ್ಯಾಂಗ ಮಾಡತಾರೋ ಏನೋ. ಅಂವನ್ನ ಕೇಳಬೇಕಿತ್ತು."

"ಇಲಿಗೆ ಯಾವ ಪೈಕಿ ಬೇ?"

"ಅದು ಅಂವಂದು. ನಂದಲ್ಲ," ಅಂದಳು. ಆದರೂ ಒಂದು ಚಿಟಿಕೆ ಹಾಕಿದಳು.

ಫೋನ್ ಮಾಡು ಅಂದರೆ ಮಾಡಲಿಲ್ಲ. ಸತ್ತ ಸುದ್ದಿಯನ್ನು ನಮ್ಮಲ್ಲಿ ಹಿಂದೆಲ್ಲ ಮನುಷ್ಯರೇ ಹೋಗಿ ಮುಟ್ಟಿಸುತ್ತಿದ್ದರು, ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಅವಳು ಅದನ್ನೇ ಹಿಡಿದಳು. ಪಂಜರವನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದಳು. ಉಳಿದ ಕಾಳು ಕಟ್ಟಿಕೊಂಡಳು. ಮರುದಿನ ಇಬ್ಬರೂ ಲಿಂಗಸುಗೂರಿನ ಬಸ್ಸು ಹತ್ತಿದೆವು, ಮಸ್ಕಿಗೆ. ಕಂಡಕ್ಟರ್ ನಮ್ಮ ಆಧಾರ್ ಕಾರ್ಡ್ ನೋಡಿ ಬಿಟ್ಟಿ ಟಿಕೆಟ್ ಹರಿದ. ತೊಡೆಯ ಮೇಲಿನ ಪಂಜರ ನೋಡಿ, "ಇದರಾಗಿನವರದು ಆಧಾರ್ ಎಲ್ಲೈತ್ರಿ ಅಜ್ಜಿ?" ಅಂತ ನಕ್ಕ.

"ಇದರಾಗ ಯಾರೂ ಇಲ್ಲಪಾ," ಅಂದಳು.

ಅವನ ನಗು ಅಲ್ಲೇ ನಿಂತಿತು. ಮುಂದಿನ ಸೀಟಿಗೆ ಹೋದ.

ಮಸ್ಕಿಯ ಆಫೀಸಿನಲ್ಲಿ ಅವನಿರಲಿಲ್ಲ, ಕಾಲುವೆಯ ಮೇಲೆ ಹೋಗಿದ್ದ. ಹೊರಗೆ ಬೇವಿನ ಗಿಡದ ಕೆಳಗೆ ಕೂತೆವು. ಬಿಸಿಲು ಬಹಳ ಇತ್ತು. ಅವಳು ನೀರೂ ಕುಡಿಯಲಿಲ್ಲ. ಏನು ಹೇಳಬೇಕೋ ಅದನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು. ಅವನ ಬೈಕು ಬಂತು. ಅವನು ನಮ್ಮ ಮುಖ ನೋಡುವ ಮುಂಚೆ ಪಂಜರ ನೋಡಿದ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

"ಯಾವಾಗ ಅಮ್ಮಾ?"

"ನಿನ್ನಿ." ಆಮೇಲೆ ಅವಳು ಎಲ್ಲಾ ಹೇಳಿದಳು. ಹೊಟ್ಟು ಹಾಸಿದ್ದು, ಲೋಬಾನ ಹಾಕಿದ್ದು, ಫೋನಿನಲ್ಲಿ ಆರಾಮ ಅಂದದ್ದು. ಒಂದನ್ನೂ ಬಿಡಲಿಲ್ಲ. "ನಿಂದು ನಾ ಕಳದೆಪಾ. ನನ್ನ ಕೈಯಾಗ ಕೊಟ್ಟಿದ್ದಿ, ನಾನಽ ಕೊಂದೆ."

ಅವನು ಕರವಸ್ತ್ರ ತೆಗೆದು ಹೆಲ್ಮೆಟ್ಟಿನ ಗಾಜು ಒರೆಸಲಿಕ್ಕೆ ಹತ್ತಿದ. ಒರೆಸಿದ್ದನ್ನೇ ಒರೆಸಿದ.

"ನೀವು ಕೊಂದಿಲ್ರೀ ಅಮ್ಮಾ. ಅವು ಇರೋದಽ ಎರಡು ವರ್ಷ, ಭಾಳಂದ್ರ ಎರಡೂವರಿ. ನಾ ನಿಮ್ಮ ಹತ್ರ ಬಿಡೂ ಮುಂದನಽ ಅದಕ್ಕ ವಯಸ್ಸಾಗಿತ್ತು. ಇಲ್ಲೆ ರೂಮಿನ್ಯಾಗ ಬೆಕ್ಕೂ ಇಲ್ಲ, ಏನೂ ಇಲ್ಲ. ಅದು ಹೋಗೋದನ್ನ ನೋಡಾಕ ನನ್ನ ಕೈಲಿ ಆಗತಿದ್ದಿಲ್ಲ. ಅದಕ್ಕ... ನಿಮ್ಮ ಹತ್ರ ಬಿಟ್ಟೆ."

ನನಗೆ ಸಿಟ್ಟು ನೆತ್ತಿಗೇರಿತು. ಎರಡು ಮಾತು ಬಾಯಿಗೆ ಬಂದಿದ್ದವು. ಅವಳು ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. ಅವನ ಕಡೆ ನೋಡುತ್ತ ಕೂತಳು. ಆ ನೋಟದಲ್ಲಿ ಏನಿತ್ತು ಅಂತ ನಾನು ಇವತ್ತಿಗೂ ಹೇಳಲಾರೆ.

"ಮದಲಽ ಹೇಳಿದ್ರ ನಾ ಇಟಗೋತಿದ್ದಿಲ್ಲೇನಪಾ?" ಅಂದಳು.

ಅವನು ಚಹಾ ತರಿಸಿದ, ಕುಡಿದಳು. ಪಂಜರ ನೀವೇ ಇಟ್ಟುಕೊಳ್ಳಿ ಅಂದ, ಒಪ್ಪಲಿಲ್ಲ. "ನಿಂದು ನೀ ತಗೋ," ಅಂತ ಅವನ ಕೈಗೇ ಕೊಟ್ಟು, ಕಾಳಿನ ಗಂಟು ಅದರ ಮೇಲಿಟ್ಟು, ಎದ್ದಳು.

ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ನಾಟಿ ಮಾಡಿದ ಗದ್ದೆಗಳನ್ನು ನೋಡುತ್ತ ಕೂತಿದ್ದಳು. ನಾನೇ ಕೇಳಿದೆ.

"ಸಿಟ್ಟು ಬರಲಿಲ್ಲೇನು ನಿನಗ?"

"ಬಂದೈತಿ. ಆದ್ರ ನಾ ಕೊಂದಿಲ್ಲಂತ ಗೊತ್ತಾತಲ್ಲ," ಅಂದಳು. ಆಮೇಲೆ, "ಹುಡುಗ ಅಂಜ್ಯಾನ ಅಕ್ಕಾ. ಕೆಲವರು ಅಂಜತಾರ. ಹೋಗೋರ ಬಾಜೂಕ ಯಾರರ ಒಬ್ರು ಕೂಡಬೇಕಲ್ಲ," ಅಂದಳು.

ಅದಾಗಿ ಕೆಲವು ವರ್ಷಕ್ಕೆ ಅವಳು ಮಲಗಿದಳು. ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ರಾಯಚೂರಿಗೆ ಒಯ್ದೆವು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಗೊರೇಬಾಳದ ಅವಳ ತವರಿನವರು ಬಂದರು, ಮಂಚದ ಕಾಲ ಹತ್ತಿರ ನಿಂತು ಅತ್ತರು, ಸಂಜೆಯ ಬಸ್ಸಿಗೆ ಹೋದರು. ನಾನು ಅಂಗಳ ದಾಟಿ ಆ ಕಡೆಯೇ ಇದ್ದೆ. ನೀ ಹೋಗಿ ಮಲಗು ಅನ್ನುತ್ತಿದ್ದಳು, ಸುಮ್ಮನಿರು ಅನ್ನುತ್ತಿದ್ದೆ. ಕಸದ ಬಗ್ಗೆ ಒಂದು ದಿನ ಜಗಳವನ್ನೂ ಮಾಡಿದೆವು, ಅಂಥ ಮೈಯಲ್ಲಿ.

ಆ ಹುಡುಗನೂ ಬಂದಿದ್ದ. ಅಷ್ಟು ಹೊತ್ತಿಗೆ ಲಿಂಗಸುಗೂರಿಗೆ ವರ್ಗವಾಗಿತ್ತಂತೆ, ಯಾರೋ ಹೇಳಿದರಂತೆ. ಹಣ್ಣು ತಂದಿದ್ದ. ಬಾಗಿಲ ತನಕ ಬಂದ, ಹೊಸ್ತಿಲ ಆಚೆ ನಿಂತ. ಮಂಚದ ಕಡೆ ನೋಡಿದ, ನೆಲ ನೋಡಿದ. ಒಳಗೆ ಬರಲಿಲ್ಲ. ಹಣ್ಣಿನ ಚೀಲ ನನ್ನ ಕೈಗೆ ಕೊಟ್ಟು ಹೋದ. ನಾನು ಅವನನ್ನು ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ. ಅವಳಿಗೆ ಹೇಳಿದೆ, ಬಂದಿದ್ದ ಅಂತ. "ಚಾ ಕೊಟ್ಟೀಯೇನು?" ಅಂತ ಕೇಳಿದಳು. ಕೊಟ್ಟಿರಲಿಲ್ಲ. ಕೊಟ್ಟೆ ಅಂದೆ.

ಒಂದು ದಿನ ಹೊತ್ತು ಏರಿದ ಮೇಲೆ ಹೋದಳು. ಕೈ ನನ್ನ ಕೈಯಲ್ಲಿ ಇತ್ತು. ನಾನು ಮುಖ ತಿರುಗಿಸಲಿಲ್ಲ.

ಈಗ ಆ ಕಡೆಯ ಮನೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ. ಒಳ್ಳೆಯ ಮಂದಿ, ಅವರ ಕಸ ಅವರ ಕಡೆಯೇ ಇರುತ್ತದೆ. ಮಾತು ಆಡಲಿಕ್ಕೆ ಏನೂ ಸಿಗುವುದಿಲ್ಲ. ನನಗೂ ವಯಸ್ಸಾಯಿತು. ಮೊಣಕಾಲು ಹೋಗಿದೆ, ಕಣ್ಣು ಹೋಗುತ್ತಿದೆ. ಅವಳು ಚಿಕ್ಕವಳು, ನಾನೇ ಮೊದಲು ಹೋಗುವವಳು, ಆಗ ಅವಳು ನನ್ನ ಪಕ್ಕ ಕೂಡುತ್ತಾಳೆ ಅಂತ ಮಸ್ಕಿಯಿಂದ ಬಂದ ದಿನವೇ ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದೆ. ಅವಳಿಗೆ ಹೇಳಿರಲಿಲ್ಲ. ನಮ್ಮಿಬ್ಬರ ನಡುವೆ ಅಂಥ ಮಾತು ನಡೆಯುತ್ತಿರಲಿಲ್ಲ. ಮಗ, ಸೊಸೆ ಇದ್ದಾರೆ, ಚಲೋ ಇದ್ದಾರೆ. ಕರೆದರೆ ಬರುತ್ತಾರೆ. ಕರೆಯದೆ ಬಂದು ಕೂಡುವವಳು ಹೋದಳು.